ಗೇಲನ್ ಶ್ರಾಗ್ ಬಾಯಿ ಮುಚ್ಚಿಕೊಂಡ ದಿನ

ಕ್ಯಾನ್ಸಸ್‌ನ ರೋಸನ್‌ಫೆಲ್ಟ್ ಊರಿನಲ್ಲಿ ಗೇಲನ್ ಶ್ರಾಗ್‌ನಷ್ಟು ಮಾತಾಡುವ ಮನುಷ್ಯ ಇನ್ನೊಬ್ಬನಿಲ್ಲ. ಅದು ಅವನ ತಪ್ಪೂ ಅಲ್ಲವೆನ್ನಿ, ದನದ ಹರಾಜು ಕೂಗುವುದು ಅವನ ಹೊಟ್ಟೆಪಾಡು. ಗುರುವಾರ ಹರಾಜಿನ ಕಟ್ಟೆ ಹತ್ತಿ ನಿಂತನೆಂದರೆ ಉಸಿರು ಎಲ್ಲಿ ಎಳೆದುಕೊಂಡ ಎಂದೇ ತಿಳಿಯದ ಹಾಗೆ ಸಂಜೆಯತನಕ ಬೆಲೆ ಏರಿಸುತ್ತ ಹೋಗುವವನು. ತೊಂದರೆ ಏನೆಂದರೆ ಕಟ್ಟೆ ಇಳಿದ ಮೇಲೂ ಆ ನಾಲಿಗೆ ನಿಲ್ಲುತ್ತಿರಲಿಲ್ಲ. ಚರ್ಚಿನಲ್ಲಿ, ಕ್ಷೌರದಂಗಡಿಯಲ್ಲಿ, ಸಾವಿನ ಮನೆಯಲ್ಲಿ ಕೂಡ ಅದೇ ಕಥೆ. ಹೆಂಡತಿ ಜನೇಲ್ ಮದುವೆಯಾದ ಹೊಸದರಲ್ಲಿ ಕಿವಿಗೊಟ್ಟು ಕೇಳುತ್ತಿದ್ದಳಂತೆ. ಈಗ ಮನೆಯಲ್ಲಿ ರೇಡಿಯೋ ಹಾಡುತ್ತಿದ್ದರೆ ಹೇಗೋ ಹಾಗೆ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುತ್ತಾಳೆ.

ಇಂಥವನಿಗೆ ಐವತ್ತು ದಾಟಿದ ಮೇಲೆ ವಿಮಾನ ಹಾರಿಸುವ ಹುಚ್ಚು ಹಿಡಿಯಿತು. ಹುಚ್ಚು ಎಂದರೆ ಅವನಿಗೆ ಸಿಟ್ಟು ಬರುತ್ತದೆ. ಕ್ಯಾನ್ಸಸ್‌ನಲ್ಲಿ ಮೂರು ಕಡೆ, ಗಡಿಯಾಚೆ ಒಕ್ಲಹೋಮದಲ್ಲಿ ಒಂದು ಕಡೆ ಅವನು ಹರಾಜು ಕೂಗಬೇಕು. ಆ ನೆಟ್ಟನೆಯ ರಸ್ತೆಗಳಲ್ಲಿ ಪಿಕಪ್ ಓಡಿಸಿ ಓಡಿಸಿ ಅವನಿಗೆ ಸಾಕಾಗಿಹೋಗಿತ್ತು. ನಮ್ಮ ಕಡೆ ವಿಮಾನ ಕಲಿಯುವುದು ಅಂಥ ದೊಡ್ಡ ಸಂಗತಿಯೇನೂ ಅಲ್ಲ. ಊರಾಚೆ ಗೋಧಿ ಹೊಲಗಳ ನಡುವೆ ಒಂದು ರನ್‌ವೇ ಇದೆ, ಪಕ್ಕದಲ್ಲಿ ನಾಲ್ಕು ತಗಡಿನ ಶೆಡ್ಡು, ಒಳಗೆ ಸದಾ ಸೀದ ಕಾಫಿ. ಕಲಿಸುವುದಕ್ಕೆ ಬರ್ನಡೆಟ್ ಡ್ರೈಲಿಂಗ್ ಇದ್ದಾಳೆ.

ಬರ್ನಿ ಎಂದರೆ ಆ ಸುತ್ತಿನಲ್ಲಿ ಒಂದು ಥರ ಕೊನೆಯ ಮಾತು. ಎಪ್ಪತ್ತು ದಾಟಿದ ಗಿಡ್ಡ ಹೆಂಗಸು, ಬೆಳ್ಳಿಗೂದಲಿನ ಜಡೆ, ಕೊರಳಲ್ಲಿ ಶಿಲುಬೆ. ಮದುವೆ ಮಾಡಿಕೊಳ್ಳಲಿಲ್ಲ, ಮಕ್ಕಳಿಲ್ಲ. ಜಿಲ್ಲೆಯಲ್ಲಿ ವಿಮಾನ ಹಾರಿಸುವ ಅರ್ಧಕ್ಕರ್ಧ ಜನ ಅವಳ ಕೈಯಲ್ಲೇ ಪಳಗಿದವರು. ಅಷ್ಟು ವರ್ಷಗಳಲ್ಲಿ ಅವಳ ಕೈಲಿದ್ದ ಯಾವ ವಿಮಾನಕ್ಕೂ ಒಂದು ಗೀರು ಬಿದ್ದಿರಲಿಲ್ಲ. ಅದನ್ನು ಅವಳು ಹೇಳಿಕೊಳ್ಳುತ್ತಿರಲಿಲ್ಲ, ಊರೇ ಹೇಳಿಕೊಂಡು ತಿರುಗುತ್ತಿತ್ತು. ಅವಳು ಮಾತು ಎತ್ತರಿಸಿದ್ದನ್ನು ಯಾರೂ ಕೇಳಿಲ್ಲ. ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಸಾಕು, ಆರಡಿ ಎತ್ತರದ ರೈತರು ಶಾಲೆ ಹುಡುಗರಂತೆ ತಲೆ ತಗ್ಗಿಸುತ್ತಿದ್ದರು.

ಗೇಲನ್‌ನ ಬಾಯಿಗೆ ಅವಳು ಮೊದಲ ವಾರವೇ ಮದ್ದು ಅರೆದಳು. ಇಳಿಯಲು ಬರುವಾಗ ಊರಿನ ಧಾನ್ಯ ತುಂಬಿಡುವ ಎತ್ತರದ ಗೋಪುರ ಎಡರೆಕ್ಕೆಯ ಕೆಳಗೆ ಬಂದ ಕ್ಷಣದಿಂದ ಚಕ್ರ ನೆಲ ಮುಟ್ಟುವವರೆಗೆ ಒಂದು ಮಾತಿಲ್ಲ. ದನದ ಬೆಲೆಯೂ ಇಲ್ಲ, ಮಳೆಯ ಸುದ್ದಿಯೂ ಇಲ್ಲ. ಎಲ್ಲ ಪೈಲಟ್‌ಗಳೂ ಪಾಲಿಸುವ ರೀತಿ ಅದು, ಆದರೆ ಬರ್ನಿ ಅದನ್ನು ಗೇಲನ್‌ಗೆ ಗಿಳಿಗೆ ಪಾಠ ಹೇಳಿದ ಹಾಗೆ ಹೇಳಿಸಿದಳು. ಒಂದು ದಿನ, ಹೇಗೆ ಇಳಿಸಬೇಕೆಂದು ಅವಳೇ ಮಾಡಿ ತೋರಿಸುತ್ತಿದ್ದಾಗ, ಇವನು ತಡೆಯಲಾರದೆ, ನಾವು ಸ್ವಲ್ಪ ಕೆಳಗೇ ಬಂದ್ವಿ ಅಲ್ವಾ ಎಂದುಬಿಟ್ಟ. ಬರ್ನಿ ಇಳಿಸುವವರೆಗೂ ಸುಮ್ಮನಿದ್ದಳು. ಆಮೇಲೆ ಶೆಡ್ಡಿನಲ್ಲಿ ಎಲ್ಲರೆದುರಿಗೆ ಕೇಳಿದಳು.

"ಗೇಲನ್, ವಿಮಾನ ಯಾರ ಕೈಲಿತ್ತು?"

"ನಿಮ್ಮ ಕೈಲಿ, ಮೇಡಂ."

"ಹಾಗಾದ್ರೆ ಯಾರು ಬಾಯಿ ಮುಚ್ಕೊಂಡಿರ್ಬೇಕಿತ್ತು?"

ಹೊಲಗಳಿಗೆ ವಿಮಾನದಿಂದ ಔಷಧಿ ಹೊಡೆಯುವ ಡ್ವೈಟ್ ಮಾಕ್ ಅಲ್ಲೇ ಕೂತಿದ್ದ. ಅವನು ಆ ಮಾತನ್ನು ತಿಂಗಳುಗಟ್ಟಲೆ ಊರೆಲ್ಲ ಹಂಚಿದ. ಹರಾಜಿನ ದಿನ ಗೇಲನ್ ಬಾಯಿ ತೆರೆದರೆ ಸಾಕು, ಹಿಂದಿನ ಸಾಲಿನಿಂದ ಯಾರಾದರೂ, ವಿಮಾನ ಯಾರ ಕೈಲಿದೆಯಪ್ಪಾ ಎಂದು ಕೇಳಿ ಜನರನ್ನು ನಗಿಸುವರು. ಗೇಲನ್ ತಾನೂ ನಕ್ಕ. ಆದರೆ ನಾಟಿತು. ಅಲ್ಲಿಂದಾಚೆಗೆ ಗೋಪುರ ಬಂದರೆ ಅವನ ತುಟಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಮೊದಲ ಸಲ ಒಬ್ಬನೇ ಹಾರಿ ಇಳಿದ ದಿನ ಬರ್ನಿ, ಪೈಲಟ್‌ಗಳ ವಾಡಿಕೆಯಂತೆ, ಅವನ ಅಂಗಿಯ ಬೆನ್ನು ಕತ್ತರಿಸಿ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಹಾಕಿದಳು. ಅವನು ಹರಿದ ಅಂಗಿಯಲ್ಲೇ ಊರು ಸುತ್ತಿ, ಕೊನೆಗೆ ಜನೇಲ್‌ಗೆ ತೋರಿಸಿ ಬೈಸಿಕೊಂಡ.

ಇನ್ನು ಸ್ವಂತದ್ದೊಂದು ಬೇಕಾಯಿತು. ಕಲಿಯುವ ಪುಟ್ಟ ವಿಮಾನ ಎದುರುಗಾಳಿಯಲ್ಲಿ ಕೆಳಗಿನ ರಸ್ತೆಯ ಲಾರಿಗಿಂತ ನಿಧಾನ; ಅದರಲ್ಲಿ ಒಕ್ಲಹೋಮಕ್ಕೆ ಹೋಗುವ ಬದಲು ಪಿಕಪ್ಪೇ ವಾಸಿ. ದೊಡ್ಡ ಎಂಜಿನ್ನಿನ, ವೇಗದ ವಿಮಾನ ಬೇಕು. ಅಂಥದನ್ನು ಯಾರು ಬೇಕಾದರೂ ಕೊಳ್ಳಬಹುದು, ಹಾರಿಸಲು ಮಾತ್ರ ಕಲಿಸಿದ ಗುರು ಇವನ ಕೈಲಿ ಆಗುತ್ತದೆ ಎಂದು ಸಹಿ ಮಾಡಬೇಕು. ಆದ್ದರಿಂದ ಗೇಲನ್ ಕೊಳ್ಳುವ ವಿಮಾನ ಬರ್ನಿ ಒಪ್ಪುವ ವಿಮಾನವೂ ಆಗಬೇಕಿತ್ತು. ಅವಳ ಸಹಿ ಬಿಟ್ಟು ಬೇರೆಯವರದು ಅವನಿಗೆ ಬೇಡವಾಗಿತ್ತು.

ಎರಡು ವಿಮಾನಗಳ ಮೇಲೆ ವಿಚಾರ ನಿಂತಿತು. ಒಂದು, ಬರ್ನಿ ಹುಡುಕಿದ್ದು. ಪಡುವಣದ ಕಡೆ ನಿವೃತ್ತ ಮೇಷ್ಟ್ರೊಬ್ಬರು ಶೆಡ್ಡಿನಲ್ಲಿಟ್ಟು ಒರೆಸಿಕೊಂಡಿದ್ದ ಗಟ್ಟಿಮುಟ್ಟು ವಿಮಾನ. ರೆಕ್ಕೆ ತಲೆಯ ಮೇಲೆ, ಎಂಜಿನ್ ದೊಡ್ಡದು, ಚಕ್ರಗಳು ಕಾಯಂ ಕೆಳಗೇ ಚಾಚಿಕೊಂಡಿರುತ್ತವೆ. ಇನ್ನೊಂದು, ಗೇಲನ್‌ನ ಮನಸ್ಸು ಕದ್ದದ್ದು. ಕುದುರೆ ಡಾಕ್ಟರು ರಸ್ ಪೆನ್ನರ್‌ರ ಬಿಳಿ ವಿಮಾನ. ರೆಕ್ಕೆ ಕೆಳಗೆ, ಮೈಮೇಲೆ ಕೆಂಪು ಪಟ್ಟೆ, ಮೇಲೆದ್ದ ಕೂಡಲೆ ಚಕ್ರಗಳನ್ನು ಹೊಟ್ಟೆಯೊಳಗೆ ಮಡಚಿಕೊಂಡು ಬಾಣದಂತೆ ಹೋಗುವುದು. ಗೇಲನ್ ಮೊದಲನೆಯದನ್ನು ಹಾಲಿನ ಕ್ಯಾನು ಎಂದು ಕರೆದ. ಎರಡನೆಯದರ ಚಿತ್ರವನ್ನು ಫೋನಿನಲ್ಲಿಟ್ಟುಕೊಂಡು ಕಂಡಕಂಡವರಿಗೆ ತೋರಿಸಿದ.

"ನೀನು ಮಾತಾಡೋ ಮನುಷ್ಯ ಕಣಯ್ಯ," ಎಂದಳು ಬರ್ನಿ. "ಮಾತಾಡೋರಿಗೆ ಮಡಚೋ ಚಕ್ರ ಬೇಡ. ಒಂದಿನ ಇಳಿಸೋದು ಮರೀತೀಯ."

ಗೇಲನ್‌ಗೆ ಮುಖಕ್ಕೆ ಹೊಡೆದಂತಾಯಿತು. ಒಂದು ಸಲ ಜೊತೆಗೆ ಹಾರಿ ನೋಡಿ, ಆಮೇಲೆ ನೀವು ಹೇಳಿದ ಹಾಗೆ ಕೇಳುತ್ತೇನೆ ಎಂದು ಅಂಗಲಾಚಿದ. ಅವಳು ಒಪ್ಪಿದಳು.

ಮೇ ತಿಂಗಳ ಶನಿವಾರ. ಆ ದಿನ ಶೆಡ್ಡಿನಲ್ಲಿ ಪ್ಯಾನ್‌ಕೇಕು, ಸಾಸೇಜು ಮಾಡಿ ಎಲ್ಲರೂ ಸೇರಿ ತಿನ್ನುವ ವಾಡಿಕೆ. ಡಾಕ್ಟರು ರಸ್ ತಮ್ಮ ವಿಮಾನದಲ್ಲೇ ಬಂದಿಳಿದರು. ಗೇಲನ್‌ಗೆ ಒಳಗಿನದೆಲ್ಲ ತೋರಿಸಿದರು: ಇದು ಚಕ್ರದ ಹಿಡಿಕೆ, ಕೆಳಗೆ ಒತ್ತಿದರೆ ಚಕ್ರ ಇಳಿಯುತ್ತದೆ, ಇಳಿದು ಕೂತರೆ ಈ ಮೂರು ಹಸಿರು ದೀಪ ಹತ್ತುತ್ತವೆ. ಬರ್ನಿ ತಲೆಯಾಡಿಸಿದಳು. ಇಂಥ ವಿಮಾನವನ್ನು ಅವಳು ಎಷ್ಟೋ ಜನಕ್ಕೆ ಕಲಿಸಿದ್ದವಳು. ರಸ್ ತಟ್ಟೆ ಹಿಡಿದು ಜನರ ನಡುವೆ ಕೂತರು. ಗೇಲನ್ ಎಡಗಡೆ, ಬರ್ನಿ ಬಲಗಡೆ ಕೂತು ಹಾರಿದರು.

ಹಾರಾಟದ ಸುಖ ಹೇಳತೀರದು. ಗಂಟೆಗಟ್ಟಲೆ ಪಿಕಪ್ಪಿನಲ್ಲಿ ತೆವಳುತ್ತಿದ್ದ ದಾರಿ ಕಾಲಕೆಳಗೆ ಜಾರಿಹೋಗುತ್ತಿತ್ತು. ಗೇಲನ್ ಒಂದೇ ಸಮನೆ ಮಾತಾಡಿದ. ಯಾವ ಹರಾಜಿಗೆ ಎಷ್ಟು ಹೊತ್ತಿಗೆ ಹೊರಡಬಹುದು, ಜನೇಲ್‌ಳನ್ನು ಎಲ್ಲಿಗೆ ಕರೆದೊಯ್ಯಬಹುದು ಎಂದೆಲ್ಲ. ಬರ್ನಿಯ ತುಟಿಯ ತುದಿಯಲ್ಲಿ ನಗುವಿತ್ತು. ಅವಳಿಗೂ ಹಿಡಿಸಿದೆ, ಸಹಿ ಸಿಕ್ಕಿತು ಎಂದೇ ಅವನಿಗನಿಸಿತು.

ಹಿಂತಿರುಗಿದರು. ಗೋಪುರ ಎಡರೆಕ್ಕೆಯ ಕೆಳಗೆ ಬಂತು. ಗೇಲನ್ ಬಾಯಿ ಮುಚ್ಚಿದ. ಚಕ್ರ ಇಳಿಸುವುದೂ ಅಲ್ಲೇ. ಅವನ ಕೈ ಹಿಡಿಕೆಯತ್ತ ಹೋಗುವುದಕ್ಕೂ ಬಲಗಡೆಯಿಂದ ಡ್ವೈಟ್ ಮಾಕ್‌ನ ಹಳದಿ ವಿಮಾನ ಧುತ್ತೆಂದು ಎದುರಾಗುವುದಕ್ಕೂ ಸರಿಹೋಯಿತು. ಬರ್ನಿ "ನಂದು" ಎಂದಳು. ಹಾಗೆಂದರೆ ವಿಮಾನ ಇನ್ನು ಅವಳ ಕೈಲಿ. "ನಿಮ್ದು" ಎಂದು ಗೇಲನ್ ಕೈ ಬಿಟ್ಟ. ಅವಳು ಬಳುಕಿಸಿ ಪಕ್ಕಕ್ಕೆ ಸರಿದು, ಡ್ವೈಟ್ ಮುಂದೆ ಹೋಗಲು ಬಿಟ್ಟು, ಅಗಲವಾಗಿ ಒಂದು ಸುತ್ತು ಹಾಕಿ ಮತ್ತೆ ರನ್‌ವೇಗೆ ನೇರವಾದಳು. ಅಷ್ಟು ಚೆಂದದ ಕೆಲಸವನ್ನು ಗೇಲನ್ ಅದುವರೆಗೆ ನೋಡಿರಲಿಲ್ಲ. ಅದನ್ನು ನೋಡುತ್ತಲೇ ಅವನ ಕಣ್ಣು ಕೆಳಗಿಳಿಯಿತು. ಮೂರು ದೀಪಗಳೂ ಹತ್ತಿರಲಿಲ್ಲ.

ಮೊದಲು ಅವನಿಗೆ ಅನಿಸಿದ್ದು, ಬಿಸಿಲಿಗೆ ಕಾಣಿಸುತ್ತಿಲ್ಲ ಎಂದು. ತಲೆ ಬಗ್ಗಿಸಿ ನೋಡಿದ. ಕಪ್ಪಗಿದ್ದವು. ಆಮೇಲೆ ಅನಿಸಿದ್ದು, ಅವಳು ಕೊನೆಗಳಿಗೆಯಲ್ಲಿ ಇಳಿಸುತ್ತಾಳೇನೋ, ಬಲ್ಲವರು ಹಾಗೂ ಮಾಡುತ್ತಾರೇನೋ ಎಂದು. ರನ್‌ವೇ ದೊಡ್ಡದಾಗುತ್ತ ಬಂತು. ಶೆಡ್ಡಿನ ಮುಂದಿನ ಜನ ಎದ್ದು ನಿಂತು ಕೈ ಬೀಸುತ್ತಿದ್ದರು. ಗೇಲನ್ ಬರ್ನಿಯ ಮುಖ ನೋಡಿದ. ಆ ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ. ಪೀಂ ಎಂದು ಕೂಗು ಶುರುವಾಯಿತು. ಇಳಿಯುವ ಹೊತ್ತಿಗೆ ವೇಗ ತಗ್ಗಿದಾಗ ಯಾವ ವಿಮಾನವೂ ಹಾಗೆ ಕೂಗುವುದುಂಟು, ಚಕ್ರ ಮೇಲಿದ್ದರೂ ಕೂಗುವುದುಂಟು. ಬರ್ನಿ ಮೊದಲನೆಯದೆಂದುಕೊಂಡಳು. ಗೇಲನ್ ಮುಚ್ಚಿದ ಬಾಯಿ ತೆರೆಯಲಿಲ್ಲ.

ಚಕ್ರ ನೆಲ ಮುಟ್ಟಬೇಕಾದಲ್ಲಿ ಮುಟ್ಟಲಿಲ್ಲ. ಇನ್ನಷ್ಟು ಕೆಳಗೆ, ಇನ್ನಷ್ಟು ಕೆಳಗೆ ಹೋಗಿ, ತಗಡಿನ ಮಾಡನ್ನು ರಸ್ತೆಯ ಮೇಲೆ ಎಳೆದಂಥ ಸದ್ದು ಎದ್ದಿತು. ಪ್ರೊಪೆಲ್ಲರ್ ಮುರುಟಿಕೊಂಡು ನಿಂತಿತು. ವಿಮಾನ ಹೊಟ್ಟೆಯ ಮೇಲೆ ಜಾರಿ ಜಾರಿ ಹೋಗಿ, ಒಂದಿಷ್ಟು ಸೊಟ್ಟಗೆ ತಿರುಗಿ ನಿಂತುಬಿಟ್ಟಿತು. ಬರ್ನಿಯ ಕೈಗಳು ತಾವಾಗಿ ಪೆಟ್ರೋಲು ನಿಲ್ಲಿಸಿ, ಸ್ವಿಚ್ಚುಗಳನ್ನು ಆರಿಸಿ, ಬಾಗಿಲು ತೆರೆದವು. ಇಬ್ಬರೂ ಇಳಿದರು. ರೆಕ್ಕೆಯಿಂದ ನೆಲಕ್ಕೆ ಹೆಜ್ಜೆಯಿಡುವಷ್ಟೂ ಎತ್ತರವಿರಲಿಲ್ಲ. ಯಾರಿಗೂ ಒಂದು ತರಚು ಗಾಯವಿಲ್ಲ. ಅವಳು ಬಗ್ಗಿ ವಿಮಾನದ ಹೊಟ್ಟೆ ನೋಡಿದಳು, ನೆಟ್ಟಗಾದಳು, ಮತ್ತೆ ಬಗ್ಗಿ ನೋಡಿದಳು. ಚಕ್ರಗಳು ಅಲ್ಲೆಲ್ಲೋ ಇರಬೇಕೆಂದು ಹುಡುಕುವವಳಂತೆ ಕಾಣುತ್ತಿದ್ದಳು.

ಜನ ಓಡಿ ಬಂದರು. ಬದುಕಿದ್ದಾರೆಂದು ಗೊತ್ತಾದ ಕೂಡಲೆ ಎಲ್ಲರ ಕಣ್ಣೂ ಗೇಲನ್ ಮೇಲೆ ತಿರುಗಿತು. ತಪ್ಪಲ್ಲ, ಕಲಿಯುವವನು ಅವನು, ಎಡಗಡೆ ಕೂತವನು ಅವನು, ಬಾಯಿಬಡುಕ ಅವನು. ಅಷ್ಟರಲ್ಲಿ ಇಳಿದು ಬಂದಿದ್ದ ಡ್ವೈಟ್ ಮಾಕ್ ಏದುಸಿರು ಬಿಡುತ್ತ, "ಏನಯ್ಯ, ಯಾವ ಹೋರಿ ಕಥೆ ಹೇಳ್ತಿದ್ದೆ ಬರ್ನಿಗೆ?" ಎಂದ. ಒಬ್ಬಿಬ್ಬರು ನಕ್ಕರು.

"ಅವನಲ್ಲ," ಎಂದಳು ಬರ್ನಿ. "ನನ್ನ ಕೈಲಿತ್ತು. ನಾನು ಚಕ್ರ ಇಳಿಸ್ಲಿಲ್ಲ."

ಚರ್ಚಿನ ಗೋಪುರವೇ ಕುಸಿದಿದ್ದರೂ ಆ ಜನ ಅಷ್ಟು ದಂಗಾಗುತ್ತಿರಲಿಲ್ಲ. ಡ್ವೈಟ್ ಟೋಪಿ ತೆಗೆದು ಕೈಲಿ ಹಿಡಿದುಕೊಂಡ. ಡಾಕ್ಟರು ರಸ್ ತಮ್ಮ ಮುರಿದ ವಿಮಾನವನ್ನು ಬಿಟ್ಟು ಬರ್ನಿಯ ಭುಜಕ್ಕೆ ಕೈ ಹಾಕಿ, ಹೋಗಲಿ ಬಿಡಿ, ತಗಡು ತಾನೆ ಎಂದರು. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಆಮೇಲಿನದೆಲ್ಲ ಕ್ರಮದಂತೆ ನಡೆಯಿತು. ವಿಮಾನವನ್ನು ಲಾರಿಗೆ ಹೇರಿಕೊಂಡು ಹೋದರು, ವಿಮೆಯವರು ಬಂದು ನೋಡಿದರು. ಸರಕಾರದ ಅಧಿಕಾರಿ ಬಂದು ಬರ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿ ಪರೀಕ್ಷೆ ಮಾಡಿದ. ನನಗೇ ನೀವು ಪಾಠ ಹೇಳಬೇಕು ಎಂದು ಕೈಕುಲುಕಿ ಹೋದ. ಕಲಿಸಲು ಅಡ್ಡಿಯೇನೂ ಇರಲಿಲ್ಲ. ಆದರೂ ಬರ್ನಿ ಶೆಡ್ಡಿನ ಕಡೆ ಬರಲಿಲ್ಲ.

ಗೇಲನ್ ಹರಾಜು ಕೂಗುವಾಗ ಸರಿಯಾಗಿರುತ್ತಿದ್ದ. ಕಟ್ಟೆಯಿಂದಿಳಿದರೆ ಮೂಕ. ಜನೇಲ್ ಹೆದರಿ ಒಂದು ದಿನ ಅವನನ್ನು ಊಟದ ಮೇಜಿನಲ್ಲಿ ಹಿಡಿದು ಕೂರಿಸಿ ಕೇಳಿದಳು. ದೀಪ ಹತ್ತದೆ ಇದ್ದದ್ದನ್ನು ನಾನು ಕಂಡಿದ್ದೆ ಎಂದು ಅವನು ಹೇಳಿದ. ಅವಳ ಕೈಲಿದ್ದ ಚಮಚ ತಟ್ಟೆಗೆ ಬಿತ್ತು. "ಬಾಯಿ ಅನ್ನೋದನ್ನ ದೇವರು ನಿನಗೆ ಯಾಕೆ ಕೊಟ್ಟನೋ ನಾನು ಕಾಣೆ," ಎಂದಳು. ಇನ್ನೂ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಬರ್ನಿಗೆ ಹೇಳಿದೆಯಾ ಎಂದು ಕೇಳಿದಳು. ಇಲ್ಲವೆಂದ. ಹೇಳಿದರೆ ಬರ್ನಿ ತನ್ನನ್ನು ಬಿಟ್ಟೇಬಿಡುತ್ತಾಳೆ ಎಂಬುದು ಅವನ ಭಯ. ಹೇಳದಿದ್ದರೆ ಅವಳ ಪಕ್ಕ ಹೇಗೆ ಕೂರುತ್ತೀ ಎಂದು ಜನೇಲ್ ಕೇಳಿದಳು.

ಗೋಧಿ ಹಳದಿಗೆ ತಿರುಗುವ ಹೊತ್ತಿಗೆ ಬರ್ನಿಯೇ ಫೋನು ಮಾಡಿದಳು. ಮೇಷ್ಟ್ರ ವಿಮಾನ ಇನ್ನೂ ಇದೆಯಂತೆ, ನೋಡಿಕೊಂಡು ಬರೋಣ ಬಾ ಎಂದಳು. ಗೇಲನ್‌ಗೆ ಹೋದ ಜೀವ ಬಂದಂತಾಯಿತು. ಅವಳ ಪಿಕಪ್ಪಿನಲ್ಲಿ ಹೊರಟರು. ಅವಳು ಮಾತಿನಲ್ಲಿ ಎಂದಿನಂತೆಯೇ ಇದ್ದಳು. ಕೊಯ್ಲಿನ ಬಗ್ಗೆ, ತಂಗಿಯ ಮೊಮ್ಮಗಳ ಬಗ್ಗೆ ಹೇಳಿದಳು. ಆಮೇಲೆ ಇದ್ದಕ್ಕಿದ್ದಂತೆ, ಕಣ್ಣು ರಸ್ತೆಯ ಮೇಲೆಯೇ ಇಟ್ಟು, ಆ ದಿನ ನನ್ನ ತಲೆಗೆ ಏನಾಗಿತ್ತೋ, ಎಷ್ಟು ಯೋಚಿಸಿದರೂ ಹಿಡಿಕೆಯ ನೆನಪೇ ಬರುತ್ತಿಲ್ಲ, ವಯಸ್ಸಾಯಿತೇನೋ ಎಂದಳು. ಬರ್ನಿ ಅಂಥ ಮಾತಾಡಿದ್ದನ್ನು ಗೇಲನ್ ಎಂದೂ ಕೇಳಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಬರ್ನಿ, ನಾನು ದೀಪ ನೋಡಿದ್ದೆ. ಹತ್ತಿರಲಿಲ್ಲ."

ಪಿಕಪ್ ನಡುರಸ್ತೆಯಲ್ಲೇ ನಿಂತಿತು. ಎರಡೂ ಕಡೆ ಗೋಧಿ, ಹಿಂದೆ ಮುಂದೆ ಒಂದು ಗಾಡಿಯಿಲ್ಲ.

"ಯಾವಾಗ ನೋಡಿದ್ದು?"

"ರನ್‌ವೇಗೆ ನೇರ ಆದ ಮೇಲೆ. ಇನ್ನೂ ಮೇಲಿದ್ವಿ. ಹೇಳೋಕೆ ಬೇಕಾದಷ್ಟು ಹೊತ್ತಿತ್ತು."

ಬರ್ನಿಯ ಮುಖದ ಬಣ್ಣ ಇಳಿದುಹೋಯಿತು. ವಿಮಾನ ಹೊಟ್ಟೆ ಉಜ್ಜಿದ ದಿನ ಕೂಡ ಅವಳು ಹಾಗೆ ಕಾಣಿಸಿರಲಿಲ್ಲ. "ದನದ ಕಥೆ ಹೇಳ್ಬೇಡ ಅಂದಿದ್ದೆ ಕಣೋ ನಾನು," ಎಂದಳು. "ದೀಪ ಹತ್ತಿಲ್ಲ ಅಂತ ಹೇಳ್ಬೇಡ ಅಂದಿದ್ನಾ?"

ಇಲ್ಲವೆಂದು ಗೇಲನ್ ತಲೆಯಾಡಿಸಿದ. ಆದರೆ ಅವಳೇ ನೆನಪಿಸಿಕೊಂಡಿರಬೇಕು. ಕೆಳಗೆ ಬಂದ್ವಿ ಅಲ್ವಾ ಎಂದವನನ್ನು ಶೆಡ್ಡಿನ ನಡುವೆ ನಿಲ್ಲಿಸಿ ಕೇಳಿದ್ದು, ಎಲ್ಲರೂ ನಕ್ಕಿದ್ದು. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅವತ್ತಿನ ಅವಮಾನಕ್ಕೆ ಸುಮ್ಮನಿದ್ದೆಯಾ ಎಂದು ಮೆಲ್ಲಗೆ ಕೇಳಿದಳು.

ಹೌದೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ತಪ್ಪು ಒಪ್ಪಿಕೊಂಡು ಮುಂದೆ ಹೋಗುತ್ತಿದ್ದಳು. ಗೇಲನ್‌ಗೆ ಸುಳ್ಳು ಹೇಳಲಾಗಲಿಲ್ಲ.

"ಅದೂ ಇತ್ತು. ಆದ್ರೆ ಅದಲ್ಲ. ನಿಮ್ಮ ಮುಖ ನೋಡಿದೆ. ನೀವು ತಪ್ಪು ಮಾಡೋಲ್ಲ, ನನ್ನ ಕಣ್ಣೇ ಸರಿಯಿಲ್ಲ ಅನ್ಕೊಂಡೆ."

ಬರ್ನಿ ಕನ್ನಡಕ ಹಾಕಿಕೊಂಡು ಗಾಡಿ ಮುಂದಕ್ಕೆ ಬಿಟ್ಟಳು.

ಮೇಷ್ಟ್ರ ಶೆಡ್ಡಿನಲ್ಲಿ ಅವಳು ವಿಮಾನದ ಕೆಳಗೆಲ್ಲ ತೆವಳಿದಳು, ಟೈರು ಒತ್ತಿದಳು, ಎಂಜಿನ್ನಿನ ಮುಚ್ಚಳ ತೆಗೆಸಿ ಮೂಗಿಟ್ಟು ಮೂಸಿದಳು, ಮೇಷ್ಟ್ರ ಜೊತೆ ಒಂದು ಸುತ್ತು ಹಾರಿಯೂ ಬಂದಳು. ತಗೋ, ಇದಕ್ಕಿಂತ ಒಳ್ಳೆಯದು ನಿನಗೆ ಸಿಗಲಾರದು ಎಂದಳು. ಗೇಲನ್ ಮರುಮಾತಾಡದೆ ಕೈಕುಲುಕಿ ವ್ಯಾಪಾರ ಮುಗಿಸಿದ. ಆ ದಪ್ಪ ಮೂಗಿನ, ಕಾಲು ಚಾಚಿ ನಿಂತ ವಿಮಾನ ತನ್ನದು ಎಂದುಕೊಂಡಾಗ, ಅವನೇ ನಿರೀಕ್ಷಿಸದ ಸಂತೋಷ ಎದೆಯಲ್ಲಿ ಎದ್ದಿತು. ಮೇಷ್ಟ್ರ ಹೆಂಡತಿ ಕೋಸು, ಮಾಂಸ ತುಂಬಿದ ಬಿಸಿ ಬಿಸಿ ಬಿಯರೊಕ್ ಬನ್ನು ತಂದುಕೊಟ್ಟರು. ನಿಂತೇ ತಿಂದರು.

"ಶನಿವಾರದಿಂದ ಶುರು ಮಾಡೋಣ್ವಾ ಮೇಡಂ?" ಎಂದ ಗೇಲನ್, ಬಾಯಿ ಒರೆಸಿಕೊಳ್ಳುತ್ತ.

"ಇಲ್ಲ," ಎಂದಳು ಬರ್ನಿ. "ಬೇರೆ ಯಾರನ್ನಾದ್ರೂ ನೋಡ್ಕೋ. ಸಹಿ ಅವರೇ ಹಾಕ್ತಾರೆ."

ಅವನಿಗೆ ಅರ್ಥವೇ ಆಗಲಿಲ್ಲ. ಕಲಿಸುವುದನ್ನೇ ಬಿಡುತ್ತೀರಾ ಎಂದು ಕೇಳಿದ. ಇಲ್ಲ, ಸೋಮವಾರದಿಂದ ಬೇರೆಯವರಿಗೆ ಕಲಿಸುತ್ತೇನೆ ಎಂದಳು. ಹಾಗಾದರೆ ಸುಮ್ಮನಿದ್ದದ್ದಕ್ಕೆ ನನ್ನ ಮೇಲೆ ಸಿಟ್ಟೇ ಎಂದ. ಅದೂ ಅಲ್ಲವೆಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಅವನನ್ನು ಹೆಚ್ಚು ಹೆದರಿಸಿತು.

"ನೀವು ಬಿಟ್ರೆ ನನಗೆ ಯಾರ ಮೇಲೂ ನಂಬಿಕೆ ಇಲ್ಲ, ಬರ್ನಿ."

"ಅದಕ್ಕೇ ಕಣಯ್ಯ. ಅಷ್ಟು ವರ್ಷ ನನ್ನ ಪಕ್ಕ ಯಾರೋ ಒಬ್ರು ಕೂತಿರ್ತಾರೆ, ನಾನು ಮರೆತ್ರೂ ಅವರು ನೋಡ್ತಾರೆ ಅನ್ಕೊಂಡೇ ಹಾರಿಸಿದೀನಿ. ನಿನ್ನ ಪಕ್ಕ ಕೂತ್ರೆ, ಆ ವಿಮಾನದಲ್ಲಿ ನಾನು ಒಬ್ಳೇ."

ಗೇಲನ್ ಬಾಯಿ ತೆರೆದ. ಸಾವಿರಾರು ಜನರೆದುರು ಯಾವತ್ತೂ ಕೈಕೊಡದಿದ್ದ ನಾಲಿಗೆ ಹೊರಳಲಿಲ್ಲ. ಬರ್ನಿ ಅವನ ತೋಳನ್ನೊಮ್ಮೆ ಹಿಂಡಿ, ಪಿಕಪ್ಪಿನ ಬೀಗದ ಕೈಯನ್ನು ಅವನ ಅಂಗೈಗಿಟ್ಟಳು. ವಿಮಾನ ಊರಿಗೆ ಬರಬೇಕಲ್ಲ, ಅದನ್ನು ಹಾರಿಸಿಕೊಂಡು ಹೋಗುವವಳು ಅವಳೇ. ಅವನಿಗೆ ಅದನ್ನು ಹಾರಿಸುವ ಹಕ್ಕು ಇನ್ನೂ ಇಲ್ಲ. ಜೊತೆಗೆ ಬಾ ಎಂದು ಅವಳು ಕರೆಯಲಿಲ್ಲ, ಅವನಿಗೂ ಕೇಳುವ ಧೈರ್ಯ ಬರಲಿಲ್ಲ.

ಅವನು ರೋಸನ್‌ಫೆಲ್ಟಿನ ದಾರಿ ಹಿಡಿದು ಅರ್ಧ ಗಂಟೆ ಆಗಿತ್ತೇನೋ, ಹಿಂದಿನಿಂದ ಎಂಜಿನ್ನಿನ ಸದ್ದು ಬಂತು. ಅವನ ವಿಮಾನ ರಸ್ತೆಯ ಪಕ್ಕಕ್ಕೆ, ಗೋಧಿ ಹೊಲಗಳ ಮೇಲೆ ತಗ್ಗಾಗಿ, ಅವನಿಗಿಂತ ಬಹಳ ಬೇಗ ಊರಿನ ಕಡೆ ಹೋಗುತ್ತಿತ್ತು. ಒಳಗೆ ಬಲಗಡೆಯ ಸೀಟು ಖಾಲಿಯಿತ್ತು. ಗೇಲನ್ ಗಾಡಿ ನಿಲ್ಲಿಸಿ, ಇಳಿದು, ಅದು ಕಣ್ಣಿಗೆ ಮರೆಯಾಗುವವರೆಗೆ ರಸ್ತೆಯ ನಡುವೆ ನಿಂತಿದ್ದ.